ಮದ್ರಾಸಿನ ಹಳೆಯ ಗಿಟಾರಿಗೆ ಬೆಲೆ ಕಟ್ಟುವುದು

2019ರ ಜೂನ್‌ನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಒಂದು ಕಪ್ಪು ಫೆಂಡರ್ ಸ್ಟ್ರಾಟೋಕಾಸ್ಟರ್ ಗಿಟಾರು 39,75,000 ಡಾಲರಿಗೆ ಮಾರಾಟವಾಯಿತು. ಹರಾಜಿನವರೇ ಅಂದಾಜು ಮಾಡಿದ್ದು ಒಂದರಿಂದ ಒಂದೂವರೆ ಲಕ್ಷ ಡಾಲರ್. ಅದರ ನೆಕ್, ಪಿಕಪ್‌ಗಳು, ಸ್ವಿಚ್ಚು ಹಲವು ಸಲ ಬದಲಾಗಿದ್ದವು. ಬೇರೆ ಗಿಟಾರಾಗಿದ್ದರೆ ಇಷ್ಟು ರಿಪೇರಿಯೇ ಬೆಲೆ ಇಳಿಸುತ್ತಿತ್ತು. ಆದರೆ ಇದು ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮರ್ 1970ರಲ್ಲಿ ಕೊಂಡು ವರ್ಷಗಟ್ಟಲೆ ನುಡಿಸಿದ ವಾದ್ಯ. ಅದಕ್ಕೆ ಫೋಟೋ, ಧ್ವನಿಮುದ್ರಿಕೆ, ಕಾಗದಪತ್ರಗಳ ಸಾಕ್ಷಿಯಿತ್ತು. ಕೊಂಡವರು ದುಡ್ಡು ಕೊಟ್ಟದ್ದು ಮರಕ್ಕಲ್ಲ, ಆ ಸಾಕ್ಷಿಗೆ.

ಹಳೆಯ ಎಲೆಕ್ಟ್ರಿಕ್ ಗಿಟಾರಿಗೆ ನ್ಯಾಯವಾದ ಬೆಲೆ ಯಾವುದು ಎಂಬ ಪ್ರಶ್ನೆ ಚೆನ್ನೈಯಲ್ಲಿ ಕೇಳಿದಾಗ ಬೇರೆಯೇ ರೂಪ ಪಡೆಯುತ್ತದೆ. ಪಾಶ್ಚಾತ್ಯ ವಾದ್ಯಗಳು ಈ ಊರಿಗೆ ಹೊಸವಲ್ಲ. ಮೌಂಟ್ ರೋಡಿನ ಮ್ಯೂಸೀ ಮ್ಯೂಸಿಕಲ್ ಅಂಗಡಿ 1842ರಲ್ಲಿ ಮಿಸ್ಕಿತ್ ಆ್ಯಂಡ್ ಕಂಪನಿಯಾಗಿ ಶುರುವಾದದ್ದು. ಗಿಟಾರಿಗೆ ಇಲ್ಲಿ ದೊಡ್ಡ ಕೆಲಸ ಕೊಟ್ಟದ್ದು ಸಿನಿಮಾ. ಆ ಕಾಲದ ಬಹುತೇಕ ಕನ್ನಡ ಚಿತ್ರಗೀತೆಗಳೂ ಮದ್ರಾಸಿನ ಸ್ಟುಡಿಯೋಗಳಲ್ಲೇ ಧ್ವನಿಮುದ್ರಣವಾಗುತ್ತಿದ್ದವು. ಇಳಯರಾಜ ಸ್ವತಂತ್ರ ಸಂಗೀತ ನಿರ್ದೇಶಕರಾಗುವ ಮೊದಲು ಗಿಟಾರ್ ನುಡಿಸುತ್ತ, 'ಕಸ್ತೂರಿ ನಿವಾಸ', 'ಬಂಗಾರದ ಮನುಷ್ಯ' ಚಿತ್ರಗಳ ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ ದುಡಿದವರು.

ಅಂದಿನ ವಾದಕನಿಗೆ ಗಿಟಾರು ಅನ್ನದ ಸಾಧನ. ವಿದೇಶಿ ವಾದ್ಯ ಬೇಕೆಂದರೆ ಆಮದು ಪರವಾನಗಿ, ಭಾರೀ ಸುಂಕ, ಇಲ್ಲವೆ ಹೊರದೇಶದಿಂದ ಬರುವ ನೆಂಟರ ಪೆಟ್ಟಿಗೆ. ಇಲ್ಲದಿದ್ದರೆ ಕಲ್ಕತ್ತದಲ್ಲಿ ತಯಾರಾದ ಗಿಟಾರು. ಹೀಗಾಗಿ ಕೈಯಿಂದ ಕೈಗೆ ಬಂದ ವಿದೇಶಿ ಗಿಟಾರಿನ ಬೆಲೆಗೂ ಅದರ ತವರಿನ ಬೆಲೆಗೂ ತಾಳೆಯಾಗಬೇಕಿರಲಿಲ್ಲ. 'ಇದು ಬಿಟ್ಟರೆ ಇಂಥದ್ದು ಮತ್ತೆ ಯಾವಾಗ ಸಿಕ್ಕೀತು?' ಎಂಬ ಪ್ರಶ್ನೆಯೇ ಬೆಲೆ ಕಟ್ಟುತ್ತಿತ್ತು. ಎಷ್ಟು ಕಾಲ್‌ಶೀಟಿನ ಸಂಬಳದಲ್ಲಿ ಆ ದುಡ್ಡು ವಾಪಸ್ ಬಂದೀತು ಎಂಬುದು ಎರಡನೆಯ ಲೆಕ್ಕ.

1991ರ ಆರ್ಥಿಕ ಸುಧಾರಣೆ ಮತ್ತು 2001ರಲ್ಲಿ ಗ್ರಾಹಕ ವಸ್ತುಗಳ ಆಮದು ಮಿತಿ ತೆರವಾದದ್ದು ಈ ಲೆಕ್ಕವನ್ನು ತಲೆಕೆಳಗು ಮಾಡಿದವು. ಅಷ್ಟರಲ್ಲಿ ಫೆಂಡರ್ ಕಂಪನಿಯೂ ಅಮೆರಿಕದಾಚೆ, 1982ರಿಂದ ಜಪಾನಿನಲ್ಲಿ, 1987ರಿಂದ ಮೆಕ್ಸಿಕೋದಲ್ಲಿ, ಗಿಟಾರು ಮಾಡಿಸತೊಡಗಿತ್ತು. ಈಗ ಮಾಮೂಲಿ ಗಿಟಾರಿಗೆ ಅಂಗಡಿಯ ಹೊಸ ಬೆಲೆಯೇ ಮೇಲಿನ ಗಡಿ. ಸುಸ್ಥಿತಿಯಲ್ಲಿರುವ ಹಳೆಯದಕ್ಕೆ ಹೊಸದರ ಅರ್ಧದಿಂದ ಮೂರನೇ ಎರಡು ಪಾಲು ಎಂಬುದು ಒಂದು ಒರಟು ಅಳತೆ. ಅದರಲ್ಲಿ ರಿಪೇರಿಯ ಖರ್ಚು ಕಳೆಯಬೇಕು. ಚೆನ್ನೈಯ ಕಡಲ ಗಾಳಿ ಲೋಹಕ್ಕೂ ಮರಕ್ಕೂ ಒಳ್ಳೆಯದಲ್ಲ. ನೆಕ್ ಬಾಗಿದೆಯೇ, ಒಳಗಿನ ಟ್ರಸ್ ರಾಡ್ ಇನ್ನೂ ತಿರುಗುತ್ತದೆಯೇ, ತಂತಿಯ ಕೆಳಗೆ ಫ್ರೆಟ್‌ಗಳು ಎಷ್ಟು ಸವೆದಿವೆ, ವಾಲ್ಯೂಮ್ ನಾಬ್ ತಿರುಗಿಸಿದರೆ ಕರಕರ ಸದ್ದು ಬರುತ್ತದೆಯೇ ಎಂದು ನೋಡಬೇಕು. ನಾಬ್ ಸದ್ದು ಸಣ್ಣ ಖರ್ಚು, ಫ್ರೆಟ್ ಪೂರ್ತಿ ಬದಲಿಸುವುದು ದೊಡ್ಡದು. ಟ್ರಸ್ ರಾಡ್ ಮುರಿದಿದ್ದರೆ ಚೌಕಾಸಿ ಬಿಟ್ಟು ಎದ್ದು ಬರುವುದೇ ಮೇಲು.

ನಿಜವಾಗಿ ಹಳೆಯ ಗಿಟಾರಿಗೆ ಈ ಅಳತೆ ಸಾಲದು. 1965ರಲ್ಲಿ ಸಿಬಿಎಸ್ ಕಂಪನಿ ಫೆಂಡರನ್ನು ಕೊಂಡಿತು. ಅದಕ್ಕೆ ಮುಂಚಿನವು ಎಂದರೆ ಸಂಗ್ರಾಹಕರ ಲೋಕದಲ್ಲಿ ಬೆಲೆಯೇ ಬೇರೆ. ಹಾಗಾಗಿ ವಯಸ್ಸಿನ ಸುಳ್ಳೂ ಹೆಚ್ಚು. ಪತ್ತೆಗೆ ಒಂದು ದಾರಿ ನಾಬ್ ಕೆಳಗಿನ ಬಿಡಿಭಾಗದ ಮೇಲೆ ಒತ್ತಿದ ಅಂಕಿ. 1376612 ಎಂದಿದ್ದರೆ 137 ಸಿಟಿಎಸ್ ಎಂಬ ತಯಾರಕರ ಗುರುತು, ಉಳಿದದ್ದು 1966ರ 12ನೇ ವಾರ. ಗಿಟಾರು ಅದಕ್ಕಿಂತ ಹಳೆಯದೆಂದು ಮಾರುವವನು ಹೇಳಿದರೆ, ಒಂದೋ ಆ ಭಾಗ ಬದಲಾಗಿದೆ, ಇಲ್ಲವೆ ಮಾತು ಸುಳ್ಳು. ಮರವೂ ಸಾಕ್ಷಿ ಹೇಳುತ್ತದೆ. 1960ರ ದಶಕದ ನಡುವೆ ಫೆಂಡರ್ ತನ್ನ ಫಿಂಗರ್‌ಬೋರ್ಡಿಗೆ ಬ್ರೆಜಿಲ್ಲಿನ ರೋಸ್‌ವುಡ್ ಬಿಟ್ಟು ಭಾರತದ ರೋಸ್‌ವುಡ್ಡಿಗೆ ತಿರುಗಿತು. ಅದು ಮಲೆನಾಡು, ಕೊಡಗಿನವರಿಗೆ ಚಿರಪರಿಚಿತವಾದ ಬೀಟೆ ಮರವೇ. ಇನ್ನು ಮೂಲ ಬಣ್ಣ ಕೆರೆದು ಹೊಸದು ಬಳಿದಿದ್ದರೆ ಸಂಗ್ರಾಹಕನ ಬೆಲೆ ಸುಮಾರು ಅರ್ಧಕ್ಕಿಳಿಯುತ್ತದೆ. ನುಡಿಸುವವನಿಗೆ ಅದೇ ಲಾಭ.

ಇವೆಲ್ಲ ಕಣ್ಣಿಗೆ ಕಾಣುವ, ಕೈಗೆ ಸಿಗುವ ಸಂಗತಿಗಳು. ಗಿಲ್ಮರ್ ಗಿಟಾರಿಗೆ ಬೆಲೆ ತಂದದ್ದು ಇವಲ್ಲ, ಅದರ ಬಾಳಿನ ದಾಖಲೆ. ಮದ್ರಾಸು ಕಳೆದುಕೊಂಡದ್ದು ಅದನ್ನೇ. ಮಣಿರತ್ನಂ ಅವರ ಮೊದಲ ಚಿತ್ರ, 1983ರ ಕನ್ನಡದ 'ಪಲ್ಲವಿ ಅನುಪಲ್ಲವಿ'ಯ ಸಂಗೀತವನ್ನು ಇವತ್ತಿಗೂ ಗುನುಗುವವರಿದ್ದಾರೆ. ಸಂಗೀತ ಇಳಯರಾಜ ಅವರದೆಂದು ಎಲ್ಲರಿಗೂ ಗೊತ್ತು. ಗಿಟಾರ್ ಯಾರ ಕೈಯಲ್ಲಿತ್ತು ಎಂದು ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಅಂದಿನ ಗ್ರಾಮಫೋನ್ ತಟ್ಟೆಗಳ ಹೊದಿಕೆಯಲ್ಲಿ ಗಾಯಕರು, ಕವಿ, ಸಂಗೀತ ನಿರ್ದೇಶಕರ ಹೆಸರಿರುತ್ತಿತ್ತು. ವಾದಕರ ಹೆಸರು ಅಚ್ಚಾಗುವುದು ಅಪರೂಪ. ಎ.ಆರ್. ರೆಹಮಾನ್ ತಮ್ಮ ಧ್ವನಿಸುರುಳಿಗಳ ಮೇಲೆ ವಾದಕರ ಹೆಸರು ಹಾಕಿಸತೊಡಗಿದ್ದು 1990ರ ದಶಕದಲ್ಲಿ. ಅದಕ್ಕೆ ಹಿಂದಿನದು ಹೆಚ್ಚಾಗಿ ಬಾಯಿಮಾತು.

ಆದ್ದರಿಂದ ಕೋಟ್ಯಂತರ ಜನ ಕೇಳಿದ ದನಿಯ ಗಿಟಾರೊಂದು ನಾಳೆ ಚೆನ್ನೈಯಲ್ಲಿ ಬರಿಯ 'ಹಳೆಯ ಗಿಟಾರು, ನಾಬ್ ಕೆಟ್ಟಿದೆ' ಎಂದು ಮಾರಾಟವಾಗಬಹುದು. ಸಾಕ್ಷಿಯಿಲ್ಲದ ಕತೆಗೆ ದುಡ್ಡು ಕೊಡಬಾರದೆಂಬುದು ಕೊಳ್ಳುವವನ ಮಟ್ಟಿಗೆ ನ್ಯಾಯವೇ. ವರ್ಷಗಟ್ಟಲೆ ನುಡಿಸಿದವನ ಮಟ್ಟಿಗೆ ಅದು ನ್ಯಾಯವಲ್ಲ. ಇಬ್ಬರ ನಡುವಿನ ಈ ಅಂತರವನ್ನು ಚೌಕಾಸಿಯಿಂದ ತುಂಬಲಾಗದು. ಹಳೆಯ ವಾದಕರು ಇನ್ನೂ ನಮ್ಮ ನಡುವೆ ಇರುವಾಗಲೇ ಅವರನ್ನು ಕೂರಿಸಿ, ಯಾವ ಹಾಡು, ಯಾವ ಸ್ಟುಡಿಯೋ, ಯಾವ ಗಿಟಾರು ಎಂದು ಕೇಳಿ ಬರೆದಿಟ್ಟರೆ ಸ್ವಲ್ಪ ತುಂಬೀತು. ಆ ಹಾಳೆಯನ್ನು ಗಿಟಾರಿನ ಪೆಟ್ಟಿಗೆಯಲ್ಲೇ ಇಟ್ಟರೆ, ಮುಂದೆ ಬೆಲೆ ಕಟ್ಟುವವನಿಗೆ ಯಾರ ವಾದ್ಯಕ್ಕೆ ಬೆಲೆ ಕಟ್ಟುತ್ತಿದ್ದೇನೆ ಎಂಬುದಾದರೂ ತಿಳಿದಿರುತ್ತದೆ.