ಹತ್ತಿಯ ದಾರಿ, ಜಿಲ್ಲೆಯ ಗಡಿ: ಕಾರವಾರ–ಹುಬ್ಬಳ್ಳಿ ಮಾರ್ಗದ ಒಂದು ಪರಿಶೀಲನೆ

ಆಡಳಿತದ ಗಡಿಗಳು ರಸ್ತೆಗಳ ಸ್ವರೂಪವನ್ನು ನಿರ್ಧರಿಸುತ್ತವೆ ಎಂಬುದು ಸಾಮಾನ್ಯ ಗ್ರಹಿಕೆ. ಇದಕ್ಕೆ ವ್ಯತಿರಿಕ್ತವಾಗಿ, ರಸ್ತೆಯ ಅಗತ್ಯವೇ ಗಡಿಯನ್ನು ಬದಲಿಸಿದ ನಿದರ್ಶನವನ್ನು ನಾವು ಉತ್ತರ ಕನ್ನಡದ ಇತಿಹಾಸದಲ್ಲಿ ಕಾಣುತ್ತೇವೆ.

ಘಟ್ಟದ ಮೇಲಿನ ಧಾರವಾಡ ಸೀಮೆಗೂ ಕೆಳಗಿನ ರೇವುಗಳಿಗೂ ಇದ್ದ ಸಂಬಂಧ ಪ್ರಾಚೀನವಾದುದು. ಗಾಡಿರಸ್ತೆಗಳು ಆಗುವ ಮುನ್ನ ಲಂಬಾಣಿಗರ ಹೇರೆತ್ತುಗಳು ಉಪ್ಪನ್ನು ಮೇಲಕ್ಕೂ ಧಾನ್ಯವನ್ನು ಕೆಳಕ್ಕೂ ಸಾಗಿಸುತ್ತಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಹತ್ತಿ ಈ ವ್ಯಾಪಾರದ ಮುಖ್ಯ ಸರಕಾಯಿತು. ಬಯಲುಸೀಮೆಯ ಎರೆಭೂಮಿಯಲ್ಲಿ ಬೆಳೆದ ಹತ್ತಿ, ಹಡಗು ಏರುತ್ತಿದ್ದ ರೇವಿನ ಹೆಸರಿನಿಂದ ಮುಂಬಯಿ ಪೇಟೆಯಲ್ಲಿ ‘ಕುಮಟಾ’ ಎಂದೇ ಪ್ರಸಿದ್ಧವಾಯಿತು. ಬೆಳೆದ ನೆಲದ ಹೆಸರನ್ನು ದಾರಿಯ ಕೊನೆಯ ಊರಿನ ಹೆಸರು ಮರೆಮಾಡಿದ್ದು ಗಮನಾರ್ಹ.

ಆದರೆ ಈ ದಾರಿ ಎರಡು ಸರಕಾರಗಳ ನಡುವೆ ಹಂಚಿಹೋಗಿತ್ತು. ಧಾರವಾಡವು ಮುಂಬಯಿ ಪ್ರಾಂತದಲ್ಲಿದ್ದರೆ, 1799ರಲ್ಲಿ ಬ್ರಿಟಿಷರ ವಶವಾದ ಕೆನರಾ ಮದ್ರಾಸ್ ಪ್ರಾಂತದಲ್ಲಿತ್ತು. ಹತ್ತಿಯ ಹೊಲ ಒಬ್ಬರದು, ಘಟ್ಟ ಮತ್ತು ರೇವು ಇನ್ನೊಬ್ಬರದು. 1860ರಲ್ಲಿ ರೂಪುಗೊಂಡ ಮ್ಯಾಂಚೆಸ್ಟರ್ ಕಾಟನ್ ಕಂಪನಿಯು ಕಾರವಾರದ ಕೊಲ್ಲಿಯನ್ನು ತನ್ನ ನೆಲೆಯಾಗಿ ಆರಿಸಿಕೊಂಡಿತು. ಮರುವರ್ಷ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿಯ ಅಭಾವ ತಲೆದೋರಿತು. ರೇವಿಗೆ ಇಳಿಯುವ ರಸ್ತೆ ಮಾತ್ರ ಸಿದ್ಧವಿರಲಿಲ್ಲ. ಈ ಒತ್ತಡದ ನಡುವೆ 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ವರ್ಗವಾಯಿತು. ಕುಂದಾಪುರ ತಾಲೂಕು ಮದ್ರಾಸಿನಲ್ಲಿಯೇ ಉಳಿಯಿತು. ಕಾರವಾರವು ಜಿಲ್ಲೆಯ ಕೇಂದ್ರವಾಯಿತು.

1865ರಲ್ಲಿ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಕುಸಿಯಿತು. ಅರಬೈಲು ಮತ್ತು ದೇವಿಮನೆ ಘಟ್ಟಗಳ ಗಾಡಿರಸ್ತೆಗಳು ಯಲ್ಲಾಪುರ, ಶಿರಸಿಗಳನ್ನು ಕರಾವಳಿಗೆ ಬೆಸೆದವಾದರೂ, 1880ರ ದಶಕದ ಕೊನೆಯಲ್ಲಿ ರೈಲುಮಾರ್ಗವು ಮುರಗಾವ ಬಂದರನ್ನು ಮುಟ್ಟಿದಾಗ ಘಟ್ಟದ ಮೇಲಿನ ಸರಕು ಆ ಕಡೆಗೆ ಹರಿಯಿತು. ಕುಮಟೆ, ಕಾರವಾರಗಳ ವ್ಯಾಪಾರ ಕ್ಷೀಣಿಸಿತು.

ಹತ್ತಿ ಹೋಯಿತು, ಗಡಿ ಉಳಿಯಿತು. ನಮ್ಮ ದೃಷ್ಟಿಯಲ್ಲಿ ಮುಖ್ಯವಾದ ಸಂಗತಿ ಇದೇ. ಒಂದೇ ಕರಾವಳಿಯ ಕನ್ನಡಿಗರು 1956ರ ಏಕೀಕರಣದವರೆಗೆ ತೊಂಬತ್ತನಾಲ್ಕು ವರ್ಷ ಎರಡು ಆಡಳಿತಗಳಿಗೆ ಒಳಪಟ್ಟಿದ್ದರು. ಬಹುಕಾಲ ಕಾರವಾರದ ವಿದ್ಯಾರ್ಥಿಗೆ ಮುಂಬಯಿ ವಿಶ್ವವಿದ್ಯಾಲಯ, ಮಂಗಳೂರಿನವನಿಗೆ ಮದ್ರಾಸು ವಿಶ್ವವಿದ್ಯಾಲಯ ಎಂಬ ವಿಭಜನೆ ನಡೆದುಬಂದಿತು. ಏಕೀಕರಣದ ಚರಿತ್ರೆಯನ್ನು ಬರೆಯುವಾಗ ರಾಜರು, ಯುದ್ಧಗಳು, ಒಪ್ಪಂದಗಳಷ್ಟೇ ಅಲ್ಲದೆ ಹತ್ತಿಯ ಮೂಟೆಯನ್ನೂ ವಿಘಟನೆಯ ಕಾರಣಗಳಲ್ಲಿ ಎಣಿಸಬೇಕಾಗುತ್ತದೆ.

ಇಂದು ಅರಬೈಲಿನ ದಾರಿ ರಾಷ್ಟ್ರೀಯ ಹೆದ್ದಾರಿ 52ರ ಭಾಗವಾಗಿದ್ದು, ಹುಬ್ಬಳ್ಳಿಯಿಂದ ಬಂದು ಅಂಕೋಲೆಯಲ್ಲಿ ಕರಾವಳಿಯನ್ನು ಸೇರುತ್ತದೆ. ಅದರ ಪೂರ್ವಚರಿತ್ರೆಯ ಆಕರಗಳಾದರೋ ಬಹುಮಟ್ಟಿಗೆ ಹೊರನಾಡಿನಲ್ಲಿವೆ. 1862ರ ಹಿಂದಿನ ಕಡತಗಳನ್ನು ಮುಖ್ಯವಾಗಿ ಚೆನ್ನೈಯ ಪತ್ರಾಗಾರದಲ್ಲಿ, ಅನಂತರದವನ್ನು ಮುಂಬಯಿಯಲ್ಲಿ ನೋಡಬೇಕು. 1883ರ ಮುಂಬಯಿ ಗ್ಯಾಸೆಟಿಯರಿನ ಕೆನರಾ ಸಂಪುಟಗಳು ಈ ಅಧ್ಯಯನಕ್ಕೆ ಪ್ರವೇಶದ್ವಾರವಾಗಬಲ್ಲವು. ಸರಕಾರಿ ಬರಹಗಳ ಗಮನವೆಲ್ಲ ಸರಕು, ಸುಂಕ, ವೆಚ್ಚಗಳ ಮೇಲಿದೆ. ಗಾಡಿ ಹೊಡೆದವರ, ಘಟ್ಟ ಕಡಿದವರ ಬದುಕನ್ನು ಆ ಸಾಲುಗಳ ನಡುವಿನಿಂದ ಹೆಕ್ಕಿ ತೆಗೆಯಬೇಕಾಗಿದೆ. ಎರಡೂ ನಗರಗಳಲ್ಲಿ ನೆಲೆಸಿರುವ ಕನ್ನಡ ಸಂಶೋಧಕರು ಕೈಜೋಡಿಸಿದರೆ, ಬೇರೆಬೇರೆಯಾಗಿ ಬಿದ್ದಿರುವ ಈ ದಾಖಲೆಗಳನ್ನು ಒಂದೇ ದಾರಿಯ ಕಥನವಾಗಿ ಓದುವುದು ಸಾಧ್ಯ.