ಕ್ರೀಡ್‌ಮೂರ್‌ನ ಮೂರು ಅಂಕಗಳು ಮತ್ತು ವರ್ನಿಯರ್ ಮಾಪಕ

ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ವರ್ನಿಯರ್ ಕ್ಯಾಲಿಪರ್ಸ್ ಹಿಡಿದು ಗೋಲಿಯ ವ್ಯಾಸ ಅಳೆಯದ ವಿದ್ಯಾರ್ಥಿ ಇಲ್ಲ. ಅದರ ಲಘುತಮ ಅಳತೆ 0.1 ಮಿಲಿಮೀಟರ್. 'ಇಷ್ಟು ಚಿಕ್ಕ ಅಳತೆಯಿಂದ ಏನು ಪ್ರಯೋಜನ?' ಎಂದು ಕೇಳುವವರಿಗೆ 1874ರ ಒಂದು ಪಂದ್ಯ ಉತ್ತರ ಕೊಡುತ್ತದೆ.

ಆ ವರ್ಷ ಸೆಪ್ಟೆಂಬರ್ 26ರಂದು ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡ್‌ನ ಕ್ರೀಡ್‌ಮೂರ್ ಮೈದಾನದಲ್ಲಿ ಐರ್ಲೆಂಡ್ ಮತ್ತು ಅಮೆರಿಕದ ಗುರಿಕಾರರು ಎದುರಾದರು. ಐರಿಷ್ ತಂಡ ಹಿಂದಿನ ವರ್ಷವಷ್ಟೇ ಇಂಗ್ಲೆಂಡಿನ ವಿಂಬಲ್ಡನ್‌ನಲ್ಲಿ ಎಲ್ಕೋ ಫಲಕ ಗೆದ್ದಿತ್ತು. ಅವರ ರಿಗ್ಬಿ ಬಂದೂಕುಗಳಿಗೆ ನಳಿಗೆಯ ಬಾಯಿಂದ ಮದ್ದುಗುಂಡು ತುಂಬಬೇಕಿತ್ತು. ಅಮೆರಿಕನ್ನರ ಶಾರ್ಪ್ಸ್ ಮತ್ತು ರೆಮಿಂಗ್ಟನ್ ಬಂದೂಕುಗಳಿಗೆ ಹಿಂಬದಿಯಿಂದ ತುಂಬಬಹುದಿತ್ತು. ತಂಡಕ್ಕೆ ಆರು ಜನ. 800, 900 ಮತ್ತು 1000 ಗಜಗಳಿಂದ ತಲಾ 15 ಗುಂಡು.

ಬಂದೂಕುಗಳು ಬೇರೆಯಾದರೂ ಬಳಸಿದ್ದು ಕಪ್ಪು ಮದ್ದನ್ನೇ. ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಈ ಮಿಶ್ರಣ ಗುಂಡಿಗೆ ಸೆಕೆಂಡಿಗೆ ಸುಮಾರು 400 ಮೀಟರ್ ವೇಗ ಕೊಡುತ್ತದೆ. ಗಾಳಿಯ ತಡೆಯಿಂದ ವೇಗ ತಗ್ಗುವುದರಿಂದ 1000 ಗಜ, ಅಂದರೆ 914 ಮೀಟರ್ ಕ್ರಮಿಸಲು ಸುಮಾರು 3 ಸೆಕೆಂಡು ಬೇಕು. ಆ ಅವಧಿಯಲ್ಲಿ ಗುಂಡು ಎಷ್ಟು ಕೆಳಗೆ ಬೀಳುತ್ತದೆ? ½gt² ಸೂತ್ರ ಹಾಕಿ ನೋಡಿ: ಸುಮಾರು 44 ಮೀಟರ್! ಆದ್ದರಿಂದ ನಳಿಗೆಯನ್ನು ಅಷ್ಟು ಮೇಲಕ್ಕೆ ಎತ್ತಬೇಕು. ಆದರೆ ಕಣ್ಣು ಮಾತ್ರ ಗುರಿಯನ್ನೇ ನೋಡುತ್ತಿರಬೇಕು.

ಇದನ್ನು ಸಾಧಿಸುವುದು ಟ್ಯಾಂಗ್ ಗುರಿದರ್ಶಕ. ಬಂದೂಕಿನ ಯಂತ್ರಭಾಗದಿಂದ ಹಿಂದಕ್ಕೆ, ಮರದ ಹಿಡಿಯ ಮೇಲೆ ಚಾಚಿಕೊಂಡಿರುವ ಲೋಹದ ನಾಲಿಗೆಯೇ ಟ್ಯಾಂಗ್. ಅದರ ಮೇಲೆ ನಿಲ್ಲಿಸಿದ ಪಟ್ಟಿಯಲ್ಲಿ ಸಣ್ಣ ರಂಧ್ರವಿರುವ ಬಿಲ್ಲೆ ಮೇಲೆ ಕೆಳಗೆ ಸರಿಯುತ್ತದೆ. ಇದರಿಂದ ನಳಿಗೆಯ ತುದಿಯ ಗುರಿದರ್ಶಕಕ್ಕೂ ಇದಕ್ಕೂ ಅಂತರ ಹೆಚ್ಚಿ ಕೋನದ ದೋಷ ತಗ್ಗುತ್ತದೆ. ಈ ಅಂತರ 900 ಮಿಲಿಮೀಟರ್ ಎಂದುಕೊಳ್ಳೋಣ. ಸಮರೂಪ ತ್ರಿಭುಜಗಳ ನಿಯಮದಂತೆ ಬಿಲ್ಲೆಯನ್ನು ಸುಮಾರು 43 ಮಿಲಿಮೀಟರ್ ಏರಿಸಬೇಕು. ಅದರಲ್ಲಿ 0.1 ಮಿಲಿಮೀಟರ್ ತಪ್ಪಿದರೆ 1000 ಗಜ ದೂರದಲ್ಲಿ ಗುಂಡು 10 ಸೆಂಟಿಮೀಟರ್ ತಪ್ಪುತ್ತದೆ. ಫ್ರಾನ್ಸಿನ ಪಿಯರ್ ವರ್ನಿಯರ್ 1631ರಲ್ಲಿ ವಿವರಿಸಿದ ಮಾಪಕ ಬಂದೂಕಿನ ಮೇಲೇರಿದ್ದು ಈ ಕಾರಣಕ್ಕೆ.

ಇಂದಿಗೂ ಕಪ್ಪು ಮದ್ದಿನ ಸ್ಪರ್ಧೆಗಳು ನಡೆಯುತ್ತವೆ. ಗುರಿದರ್ಶಕ ಆರಿಸುವವರು ಕೇಳಿಕೊಳ್ಳಬೇಕಾದ ಪ್ರಶ್ನೆಗಳೂ ಅವೇ. ಪಟ್ಟಿ ಸ್ಪರ್ಧೆಯ ದೂರಕ್ಕೆ ಸಾಕಷ್ಟು ಎತ್ತರವಿದೆಯೇ? 200 ಗಜಕ್ಕೆ ಗಿಡ್ಡ ಪಟ್ಟಿ ಸಾಕು, 1000 ಗಜಕ್ಕೆ ಸಾಲದು. ತಿರುಪು ಸಡಿಲವಿಲ್ಲದೆ ತಿರುಗುತ್ತದೆಯೇ? ಸಡಿಲವಿದ್ದರೆ ಸೂಕ್ಷ್ಮ ಮಾಪಕವೂ ಸುಳ್ಳು ಹೇಳುತ್ತದೆ. ಬೆಳಕಿಗೆ ತಕ್ಕಂತೆ ರಂಧ್ರ ಬದಲಾಯಿಸಬಹುದೇ? ಕಿರಿದಾದ ರಂಧ್ರದಿಂದ ಹತ್ತಿರದ್ದೂ ದೂರದ್ದೂ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಬೆಳಕು ಕಡಿಮೆಯಾಗುತ್ತದೆ. ಒದೆತಕ್ಕೆ ಬಿಲ್ಲೆ ಕಣ್ಣಿಗೆ ಬಡಿಯದಷ್ಟು ದೂರದಲ್ಲಿದೆಯೇ?

ಮುಂದಿನ ಗುರಿದರ್ಶಕದಲ್ಲಿ ಪುಟ್ಟ ರಸಮಟ್ಟವೂ ಇರುವುದುಂಟು. ಬಂದೂಕು ಪಕ್ಕಕ್ಕೆ ಒಂದೇ ಒಂದು ಡಿಗ್ರಿ ವಾಲಿದರೂ ಆ 44 ಮೀಟರಿನ ಎತ್ತರ ಓರೆಯಾಗಿ, ಗುಂಡು 77 ಸೆಂಟಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ಕ್ರೀಡ್‌ಮೂರ್‌ನ ನಡುಗುರಿಯ ಅಗಲ ಮೂರು ಅಡಿ; ಮಧ್ಯದಿಂದ ಅಂಚಿಗೆ 46 ಸೆಂಟಿಮೀಟರ್ ಅಷ್ಟೆ!

ಪಂದ್ಯ ಏನಾಯಿತು? ಕೊನೆಯ ಗುಂಡಿಗೆ ಮುನ್ನ ಐರ್ಲೆಂಡ್ 931, ಅಮೆರಿಕ 930. ಒಡೆದ ಬಾಟಲಿಯಿಂದ ಕೈ ಕುಯ್ದುಕೊಂಡಿದ್ದ ಕರ್ನಲ್ ಜಾನ್ ಬೋಡೈನ್ ಆ ಗುಂಡನ್ನು ನಡುಗುರಿಗೆ ಹೊಡೆದು 4 ಅಂಕ ಗಳಿಸಿದರು. ಅಮೆರಿಕ 934–931ರಿಂದ ಗೆದ್ದಿತು.

ಆದರೆ ಪಂದ್ಯದಲ್ಲಿ ಐರ್ಲೆಂಡಿನ ಮಿಲ್ನರ್ ಅವರ ಒಂದು ಗುಂಡೂ ನಡುಗುರಿಗೇ ತಗುಲಿತ್ತು. ಕರಾರುವಾಕ್ಕಾದ ಹೊಡೆತ, ಆದರೆ ಅದು ಬಿದ್ದದ್ದು ಪಕ್ಕದ ಫಲಕಕ್ಕೆ! ಅಂಕ ಸಿಗಲಿಲ್ಲ. ಆ ನಾಲ್ಕು ಅಂಕ ಸೇರಿದ್ದರೆ ಐರ್ಲೆಂಡ್ 935. ಸೂಕ್ಷ್ಮ ಉಪಕರಣ ಎಷ್ಟು ಅಳೆಯಬೇಕೆಂಬುದನ್ನು ಹೇಳುತ್ತದೆ. ಯಾವುದನ್ನು ಅಳೆಯಬೇಕೆಂಬುದನ್ನು ನೋಡಿಕೊಳ್ಳಬೇಕಾದವರು ನಾವೇ. ಪ್ರಯೋಗಶಾಲೆಗೂ ಈ ಮಾತು ಅನ್ವಯಿಸುತ್ತದೆ, ಅಲ್ಲವೇ?