ನೆಂಟರ ಜೊತೆ ನಮ್ಮೂರು, ಭಾಗ 3: ಶಾಂತಲೆಯ ಹಿಂದೆ ಹಿಂದೆ

ರಜೆಗೆ ಬೆಂಗಳೂರಿಂದ ಅತ್ತೆ, ಮಾವ, ಅವರ ಮಕ್ಕಳು ಬಂದರೆ ನಿಮ್ಮ ಮನೇಲೂ ಇದೇ ಪ್ಲ್ಯಾನ್ ಅಲ್ವಾ? ಒಂದು ದಿನ ಬೇಲೂರು-ಹಳೇಬೀಡು, ಇನ್ನೊಂದು ದಿನ ಶ್ರವಣಬೆಳಗೊಳ. ಹೋಗ್ತಾ ಬರ್ತಾ ಕಾರು ಶಾಂತಿಗ್ರಾಮದ ಟೋಲ್ ದಾಟುತ್ತೆ, ಊರೊಳಕ್ಕೆ ಮಾತ್ರ ಯಾರೂ ತಿರುಗಿಸಲ್ಲ. ಈ ಸಲ ನೀವೇ ಗೈಡ್ ಆಗಿ. ಎಲ್ಲಾ ಕಡೆ ಒಬ್ಬಳನ್ನೇ ಹುಡುಕಿಕೊಂಡು ಹೋಗಿ: ಹೊಯ್ಸಳ ದೊರೆ ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ.

ಫೋಟೋ 1: ಶಾಂತಿಗ್ರಾಮ. ಊರಿಗೆ ಈ ಹೆಸರು ಬಂದಿದ್ದೇ ಶಾಂತಲೆಯಿಂದ ಅಂತ ಹಿರಿಯರು ಹೇಳ್ತಾರೆ. ನರಸಿಂಹ ದೇವಸ್ಥಾನದ ಮುಂದೆ ನಿಂತು ಕಥೆ ಶುರು ಮಾಡಿ. ಒಂದೇ ಷರತ್ತು: "ಹೇಳ್ತಾರೆ" ಅನ್ನೋದು ಯಾವುದು, "ಕಲ್ಲಲ್ಲಿ ಬರೆದಿದೆ" ಅನ್ನೋದು ಯಾವುದು, ಎರಡನ್ನೂ ಬೇರೆ ಬೇರೆ ಇಟ್ಟು ಹೇಳಿ.

ಫೋಟೋ 2: ಬೇಲೂರು. ದರ್ಪಣ ಸುಂದರಿಯನ್ನು ತೋರಿಸಿ "ಇವಳೇ ಶಾಂತಲೆ" ಅಂತ ಹೇಳೋರು ತುಂಬಾ ಜನ. ಅದು "ಹೇಳ್ತಾರೆ" ಲೆಕ್ಕಕ್ಕೆ. ಅದೇ ಅಂಗಳದಲ್ಲಿ, ದೊಡ್ಡ ಗುಡಿಯ ಪಕ್ಕದಲ್ಲಿರೋ ಕಪ್ಪೆ ಚೆನ್ನಿಗರಾಯನ ಗುಡಿಗೆ ಬನ್ನಿ. ಇದನ್ನು ಮಾಡಿಸಿದವಳು ಶಾಂತಲೆ ಅನ್ನೋದಕ್ಕೆ ಶಾಸನವೇ ಸಾಕ್ಷಿ. ಕಾಲ 1117ರ ಆಸುಪಾಸು. ಅಪ್ಪ ಮಾರಸಿಂಗಯ್ಯ ಶೈವ, ಅಮ್ಮ ಮಾಚಿಕಬ್ಬೆ ಜೈನೆ, ಶಾಂತಲೆಯೂ ಜೈನೆ. ಕಟ್ಟಿಸಿದ್ದು ವಿಷ್ಣುವಿನ ಗುಡಿ! ಒಂದೇ ಮನೆಯಲ್ಲಿ ಮೂರು ದಾರಿ.

ಫೋಟೋ 3: ಶ್ರವಣಬೆಳಗೊಳ. ಎಲ್ಲರೂ 600ಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಗೊಮ್ಮಟನನ್ನು ನೋಡಿ, ಸುಸ್ತಾಗಿ ವಾಪಸ್ ಹೊರಡ್ತಾರೆ. ಎದುರಿಗಿರೋ ಚಿಕ್ಕಬೆಟ್ಟ ಹಾಗೇ ಉಳಿಯುತ್ತೆ. 1123ರಲ್ಲಿ ಶಾಂತಲೆ ಕಟ್ಟಿಸಿದ ಸವತಿಗಂಧವಾರಣ ಬಸದಿ ಇರೋದು ಅಲ್ಲೇ. ಹೆಸರಿನ ಅರ್ಥ ಗೊತ್ತಾ? ಸವತಿಯರ ಪಾಲಿಗೆ ಮದ್ದಾನೆ. ಅದು ಅವಳ ಬಿರುದು. ಕನ್ನಡಿ ಹಿಡಿದು ಅಲಂಕಾರ ಮಾಡಿಕೊಳ್ಳೋ ಸುಂದರಿಗೂ ಈ ಬಿರುದಿನ ಹೆಣ್ಣಿಗೂ ಎಷ್ಟು ದೂರ ನೋಡಿ.

1131ರಲ್ಲಿ ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳ ಅಗಲಿಕೆ ತಾಳಲಾರದ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಸಲ್ಲೇಖನ ವ್ರತ ಹಿಡಿದು ಪ್ರಾಣ ಬಿಟ್ಟಳು. ಇದು ಸಿನಿಮಾ ಕಥೆ ಅನ್ನಿಸಬಹುದು. ಆದರೆ ಇದೂ ಬೆಳಗೊಳದ ಶಾಸನದಲ್ಲೇ ಇದೆ. 900 ವರ್ಷದ ಹಿಂದಿನ ಒಬ್ಬ ತಾಯಿಯ ಸಂಕಟ ನಮಗೆ ತಲುಪಿದ್ದು ಒಂದು ಕಲ್ಲು ಉಳಿದಿದ್ದರಿಂದ.

ಫೋಟೋ 4: ಇದು ನಿಮ್ಮ ಪಾಲಿಗೆ. ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹಾಸನ ಜಿಲ್ಲೆಯ ಸಂಪುಟ ಬಂದಿದ್ದು 1902ರಲ್ಲಿ. ನಮ್ಮ ಜಿಲ್ಲೆಯ ಊರೂರಿನ ಶಾಸನಗಳು ಅದರಲ್ಲಿವೆ. ನಿಮ್ಮೂರಿಂದು ಇದೆಯಾ ಅಂತ ಹುಡುಕಿ. ಆಮೇಲೆ ಕಲ್ಲನ್ನೂ ಹುಡುಕಿ. ಬೆಳಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳೋವಾಗ ಹೋದರೆ ಅಕ್ಷರ ಚೆನ್ನಾಗಿ ಕಾಣುತ್ತೆ, ಫೋಟೋನೂ ಚೆನ್ನಾಗಿ ಬರುತ್ತೆ. ಚಾಕ್‌ಪೀಸಲ್ಲಿ ತಿದ್ದಬೇಡಿ. ಸುಣ್ಣ, ಪೇಂಟ್ ಬಳಿಯೋಕೆ ಬಿಡಬೇಡಿ. ಬಟ್ಟೆ ಒಗೆಯೋ ಕಲ್ಲಾಗಿದ್ದರೆ ಪಂಚಾಯ್ತಿಯವರಿಗೆ ಹೇಳಿ.

ಬೇಲೂರು, ಹಳೇಬೀಡು 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಅವನ್ನು ನೋಡಿಕೊಳ್ಳೋಕೆ ಜನ ಇದ್ದಾರೆ. ನಿಮ್ಮೂರ ಕೆರೆ ಏರಿ ಮೇಲಿನ ಕಲ್ಲಿಗೆ ನೀವೇ ಗತಿ.

ಮುಂದಿನ ಭಾಗ: ಮೊಸಳೆಯ ಜೋಡಿ ಗುಡಿಗಳು. ನೆಂಟರನ್ನು ಇನ್ನೊಂದು ದಿನ ನಿಲ್ಲಿಸಿಕೊಳ್ಳಿ!